ಬೇಸಿಗೆ ಹಿನ್ನೀರಿನಲ್ಲಿ ಸೀಬಾಸ್‌ಗೆ ಗಾಳ: ಸ್ಪಿನ್ನಿಂಗ್ ರಾಡಿಗೂ ಫ್ಲೈ ರಾಡಿಗೂ

ಉಡುಪಿ ಪಕ್ಕದ ಕಲ್ಯಾಣಪುರದ ಹತ್ತಿರ ನನ್ನದೊಂದು ಸ್ಕೂಟರ್ ರಿಪೇರಿ ಅಂಗಡಿ. ಒಳಗಿನ ಗೋಡೆಗೆ ಎರಡು ರಾಡ್ ಒರಗಿಸಿ ಇಟ್ಟಿರುತ್ತೇನೆ. ಬ್ರೇಕ್ ಸರಿ ಮಾಡಿಸಲು ಬಂದವರು ಅದನ್ನು ನೋಡಿ, “ಎಂತ ಮಾರಾಯ್ರೆ, ಹೊಳೆಯಲ್ಲಿ ಮೀನು ಸಿಕ್ತದಾ?” ಎಂದು ಕೇಳುವುದು ಮಾಮೂಲಿ. ಸಿಕ್ತದೆ. ಆದರೆ ಕೇಳಿದವರಲ್ಲಿ ಹೆಚ್ಚಿನವರು ಹೋಗುವ ಹೊತ್ತಿಗೆ ಸಿಕ್ಕುವುದಿಲ್ಲ. ಭಾನುವಾರ ನೀರುದೋಸೆ ತಿಂದು, ಒಂಬತ್ತೂವರೆಗೆ ದಡಕ್ಕೆ ಬಂದು, ಮಧ್ಯಾಹ್ನದವರೆಗೆ ಬಿಸಿಲಿಗೆ ಬೆಂದು, ಸಂಜೆ ಅಂಗಡಿಗೆ ಬಂದು “ಈ ಹೊಳೆಯಲ್ಲಿ ಎಂತದೂ ಇಲ್ಲ” ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಮೊದಲು ಮೀನಿನ ವಿಷಯ. ನಾನು ಹಿಂದೆ ಬಿದ್ದಿರುವುದು ಸೀಬಾಸ್. ಗೋವಾದವರ ಚೊಣಾಕ್, ಕೇರಳದವರ ಕಾಳಾಂಜಿ, ಬಂಗಾಳಿಗಳ ಭೆಟ್ಕಿ, ಆಸ್ಟ್ರೇಲಿಯಾದವರ ಬಾರಾಮುಂಡಿ ಎಲ್ಲ ಇದೇ ಮೀನು. ಬೆಳ್ಳಿ ಮೈ, ತಗ್ಗಿದ ಹಣೆ, ದೊಡ್ಡ ಬಾಯಿ. ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಅದೇ ಜಾಗದಲ್ಲಿ ಕೆಂಬೇರಿಯೂ ಸಿಗುತ್ತದೆ. ಕೆಂಬೇರಿ ಸಣ್ಣದಾದರೂ ಜಗಳಗಂಟ. ಗಾಳ ಕಚ್ಚಿದ ತಕ್ಷಣ ಕಾಂಡ್ಲಾ (ಉಪ್ಪುನೀರಿನ ದಡದ ಗಿಡ) ಬೇರಿನೊಳಗೆ ನುಗ್ಗಿ ದಾರ ಸುತ್ತಿಕೊಳ್ಳುತ್ತದೆ. ಆಮೇಲೆ ಮೀನೂ ಇಲ್ಲ, ಲೂರೂ ಇಲ್ಲ. ಲೂರ್ ಅಂದರೆ ದಾರದ ತುದಿಗೆ ಕಟ್ಟುವ ನಕಲಿ ಎರೆ.

ಬೇಸಿಗೆಯೇ ಯಾಕೆ? ಮಳೆಗಾಲದಲ್ಲಿ ಸ್ವರ್ಣಾ ನದಿ ಪೂರ್ತಿ ಸಿಹಿನೀರು, ಕೆಂಪು ಬಣ್ಣ. ಮಾರ್ಚ್ ಹೊತ್ತಿಗೆ ಮೇಲಿನಿಂದ ನೀರು ಬರುವುದು ನಿಂತೇ ಹೋಗುತ್ತದೆ. ಇದ್ದ ನೀರನ್ನು ಉಡುಪಿಗೆ ಕುಡಿಯಲು ಬಜೆ ಅಣೆಕಟ್ಟಿನಲ್ಲಿ ಹಿಡಿದಿಡುತ್ತಾರೆ. ಆಗ ಕೆಳಗಿನ ಹೊಳೆಗೆ ಸಮುದ್ರದ ಉಪ್ಪುನೀರೇ ಯಜಮಾನ. ಅದು ಅಳಿವೆಯಿಂದ ಒಳಗೊಳಗೆ ಏರಿ ಬರುತ್ತದೆ. ಅದರ ಜೊತೆ ಸಿಗಡಿ, ಸಣ್ಣ ಮೀನು. ಅವುಗಳ ಹಿಂದೆ ಸೀಬಾಸ್. ನೀರೂ ತಿಳಿಯಾಗಿರುತ್ತದೆ, ಆದ್ದರಿಂದ ಲೂರ್ ಮೀನಿನ ಕಣ್ಣಿಗೆ ಬೀಳುತ್ತದೆ.

ನೀರಿನ ಗಡಿಯಾರ

ಈಗ ಮುಖ್ಯ ಮಾತು. ರಾಡ್ ಯಾವುದು, ಲೂರ್ ಯಾವ ಬಣ್ಣ ಎಂಬುದೆಲ್ಲ ಆಮೇಲೆ. ನೀರು ಓಡುತ್ತಿರಬೇಕು. ನೀರು ನಿಂತಾಗ ಸೀಬಾಸ್ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಅದರ ಮೂಗಿನ ಮುಂದೆ ಲೂರ್ ಎಳೆದರೂ ಕ್ಯಾರೇ ಅನ್ನುವುದಿಲ್ಲ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ ಆರಕ್ಕೆ ಇಳಿತ ಶುರುವಾಗಿದ್ದರೆ ನಾಳೆ ಏಳಕ್ಕೆ ಹತ್ತು ನಿಮಿಷ ಇರುವಾಗ. ಆದ್ದರಿಂದ “ಪ್ರತಿ ಭಾನುವಾರ ಬೆಳಿಗ್ಗೆ” ಎಂಬ ಲೆಕ್ಕ ಕೆಲಸಕ್ಕೆ ಬಾರದು. ಅಮಾವಾಸ್ಯೆ, ಹುಣ್ಣಿಮೆ ಆದ ಮೇಲೆ ಎರಡು ಮೂರು ದಿನ ನೀರಿನ ಓಟ ಜಾಸ್ತಿ. ಅಷ್ಟಮಿ ಹತ್ತಿರ ಕಮ್ಮಿ. ಮನೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಅರ್ಧ ಕೆಲಸ ಆಯಿತು.

ಫೋನಿನ ಟೈಡ್ ಆ್ಯಪ್‌ನಲ್ಲಿ ಮಲ್ಪೆಯ ಸಮಯ ಸಿಗುತ್ತದೆ. ಅದು ಸಮುದ್ರದ ಬದಿಯ ಲೆಕ್ಕ. ಹೊಳೆಯ ಒಳಗೆ ನೀರು ತಡವಾಗಿ ತಿರುಗುತ್ತದೆ. ಎಷ್ಟು ತಡ ಎಂಬುದನ್ನು ನಿಮ್ಮ ಜಾಗದಲ್ಲಿ ನೀವೇ ಕೂತು ನೋಡಬೇಕು. ನಾನು ಮಾಡಿದ್ದು ಇಷ್ಟೇ. ದಡದ ಒಂದು ಕಲ್ಲಿಗೆ ಅಂಗಡಿಯ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ. ಒಂದು ತೆಂಗಿನ ಗರಿಯ ತುಂಡು ನೀರಿಗೆ ಹಾಕಿದೆ. ಅದು ಯಾವಾಗ ನಿಂತಿತು, ಯಾವಾಗ ಅಳಿವೆ ಕಡೆ ಮುಖ ಮಾಡಿತು ಎಂದು ಬರೆದುಕೊಂಡೆ. ಆರು ಸಲ ಬರೆದ ಮೇಲೆ ಗೊತ್ತಾಯಿತು, ನನ್ನ ಜಾಗಕ್ಕೆ ಸುಮಾರು ಮುಕ್ಕಾಲು ಗಂಟೆ ತಡ. ಆ ಪುಸ್ತಕ ಈಗಲೂ ಇದೆ, ಗ್ರೀಸ್ ಹತ್ತಿ ಅರ್ಧ ಕಪ್ಪಾಗಿದೆ.

ಏರುವಾಗಲೂ ಮೀನು ಸಿಗುತ್ತದೆ. ಆದರೆ ನನಗೆ ಇಳಿತದ ಮೊದಲ ಎರಡು ಗಂಟೆಯೇ ಇಷ್ಟ. ಕಾರಣ ಇದೆ. ನೀರು ಏರಿದಾಗ ಸಣ್ಣ ಮೀನು, ಸಿಗಡಿ ಎಲ್ಲ ಕಾಂಡ್ಲಾ ಬೇರುಗಳ ನಡುವೆ ಹೋಗಿ ಅಡಗುತ್ತವೆ. ನೀರು ಇಳಿಯುತ್ತಿದ್ದ ಹಾಗೆ ಅಲ್ಲಿ ನಿಲ್ಲಲು ಆಗುವುದಿಲ್ಲ, ಹೊರಗೆ ಬರಲೇಬೇಕು. ಬರುವ ದಾರಿ ಒಂದೇ, ತೋಡು, ಅಂದರೆ ಸಣ್ಣ ಕಾಲುವೆ. ಆ ತೋಡು ಹೊಳೆಗೆ ಸೇರುವ ಬಾಯಲ್ಲಿ ಸೀಬಾಸ್ ಕಾಯುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಆಟೋದವರು ಬಸ್ಸಿನ ಬಾಗಿಲಿಗೆ ಮುಖ ಮಾಡಿ ನಿಂತ ಹಾಗೆ. ಹರಿಯುವ ನೀರಿನ ಮಧ್ಯದಲ್ಲಿ ಅದು ನಿಲ್ಲುವುದಿಲ್ಲ. ಒಂದು ಬದಿಯ ನಿಧಾನ ನೀರಿನಲ್ಲಿ, ಮರದ ಬೇರಿನದೋ ಕಲ್ಲಿನದೋ ಮರೆಯಲ್ಲಿ ನಿಂತು, ಎದುರಿಗೆ ತೇಲಿ ಬಂದದ್ದನ್ನು ನುಂಗುತ್ತದೆ. ನಿಮ್ಮ ಲೂರ್ ಕೂಡ ಹಾಗೇ ತೇಲಿ ಬರಬೇಕು. ಅಂದರೆ ತೋಡಿನ ಒಳಬದಿಗೆ ಎಸೆದು, ನೀರಿನ ಜೊತೆ ಹೊರಗೆ ತರಬೇಕು. ಮೀನಿನ ಬೆನ್ನ ಹಿಂದಿನಿಂದ ಬಂದರೆ ಅದು ಹೆದರುತ್ತದೆ. ಸಿಗಡಿ ಎಲ್ಲಾದರೂ ದೊಡ್ಡ ಮೀನನ್ನು ಅಟ್ಟಿಸಿಕೊಂಡು ಹೋಗುವುದುಂಟಾ?

ತೋಡಿನ ಬಾಯಿ ಬಿಟ್ಟರೆ ಮೂರು ಜಾಗ ನೋಡುತ್ತೇನೆ: ಕುದ್ರುಗಳ (ಹೊಳೆ ನಡುವಿನ ದ್ವೀಪ) ಮೂಲೆ, ಹಳೆ ಧಕ್ಕೆಯ ಕಂಬ, ಕಿಂಡಿ ಅಣೆಕಟ್ಟಿನ ಕೆಳಬದಿ. ಬೇಸಿಗೆಯಲ್ಲಿ ಕಿಂಡಿಗಳಿಗೆ ಹಲಗೆ ಹಾಕಿರುತ್ತಾರೆ. ಮೇಲೆ ಹೋಗಲಾಗದ ಮೀನು ಕೆಳಗೆ ಒಟ್ಟಾಗುತ್ತದೆ. ಅಣೆಕಟ್ಟಿನ ಮೇಲೆ ನಿಂತು ಬೀಸಬೇಡಿ, ಪಾಚಿ ಹಿಡಿದಿರುತ್ತದೆ.

ಸ್ವರ್ಣಾ ನನಗೆ ಹತ್ತಿರ, ಅದಕ್ಕೆ ಅದರ ಮಾತು ಜಾಸ್ತಿ. ಕೋಡಿಬೆಂಗ್ರೆಯಲ್ಲಿ ಸೀತಾ ನದಿಯೂ ಬಂದು ಸೇರುವ ಕಡೆ ನೀರು ಅಗಲ, ಓಟ ಜೋರು, ಹೊಸಬರಿಗೆ ಕಷ್ಟ. ಮೂಲ್ಕಿ ಕಡೆಯವರಿಗೆ ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಇದೆ. ಮಂಗಳೂರಿನವರಿಗೆ ನೇತ್ರಾವತಿ, ಗುರುಪುರ ಎರಡೂ ಇವೆ. ಲೆಕ್ಕ ಎಲ್ಲ ಕಡೆ ಒಂದೇ. ಕೆಮ್ಮಣ್ಣು ತೂಗುಸೇತುವೆ ಹತ್ತಿರ ಮಾತ್ರ ಬೇಡ. ಸೆಲ್ಫಿ ತೆಗೆಯುವವರ ಕಿವಿಗೆ ಗಾಳ ಸಿಕ್ಕಿದರೆ ಉತ್ತರ ಕೊಡುವವರು ಯಾರು?

ಸ್ಪಿನ್ನಿಂಗ್ ರಾಡ್

ಶುರು ಮಾಡುವವರಿಗೆ ಇದೇ ಸಾಕು. 7 ಅಡಿ ರಾಡ್, 10ರಿಂದ 30 ಗ್ರಾಂ ಲೂರ್ ಎಸೆಯುವಂಥದ್ದು. ರೀಲ್ 3000 ಅಥವಾ 4000 ಸೈಜು. ದಾರ 20 ಪೌಂಡಿನ ಬ್ರೇಡ್, ಅಂದರೆ ಹಲವು ಎಳೆ ಹೆಣೆದದ್ದು. ಬ್ರೇಡ್ ತೆಳುವಾಗಿರುತ್ತದೆ, ಹಿಗ್ಗುವುದಿಲ್ಲ, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಆದರೆ ಉಜ್ಜಿದರೆ ಬೇಗ ತುಂಡಾಗುತ್ತದೆ. ಅದಕ್ಕೆ ತುದಿಗೆ ಮೂರಡಿ 40 ಪೌಂಡಿನ ದಪ್ಪ ತಂಗೂಸು ಕಟ್ಟಬೇಕು. ಇದೇ ಲೀಡರ್.

ಲೀಡರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಸೀಬಾಸ್ ಬಾಯಿಯಲ್ಲಿ ದೊಡ್ಡ ಹಲ್ಲಿಲ್ಲ, ತುಟಿ ಮರಳುಕಾಗದದ ಹಾಗೆ ಒರಟು, ಅಷ್ಟೇ. ಮೋಸ ಇರುವುದು ಕಿವಿರಿನ ಮುಚ್ಚಳದಲ್ಲಿ. ಅದರ ಅಂಚು ಬ್ಲೇಡ್. ಮೀನು ನೀರಿನಿಂದ ಹಾರಿ ತಲೆ ಕೊಡವುವಾಗ ದಾರ ಅದಕ್ಕೆ ತಾಗಿದರೆ ಮುಗಿಯಿತು. ಪ್ರತಿ ಮೀನಿನ ನಂತರ ಲೀಡರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆದು ನೋಡಿ. ಒರಟಾಗಿದ್ದರೆ ಅಷ್ಟು ಕತ್ತರಿಸಿ ಬಿಸಾಡಿ, ಹೊಸದಾಗಿ ಗಂಟು ಹಾಕಿ. ಒಂದು ಸಲ ನಾನು “ಇನ್ನೊಂದು ಎಸೆತ ಆಗಲಿ” ಎಂದು ಬಿಟ್ಟೆ. ಆ ಎಸೆತಕ್ಕೇ ಆ ವರ್ಷದ ದೊಡ್ಡ ಮೀನು ಬಂತು. ಹಾರಿತು, ತಲೆ ಕೊಡವಿತು, ಹೋಯಿತು. ನನ್ನ ಕೈಯಲ್ಲಿ ಉಳಿದ ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿತ್ತು.

ದಾರ ಕೊಂಡ ಮೇಲೆ ಪರೀಕ್ಷೆ ಮಾಡಿ. ಒಂದು ಅಂಗಡಿಯಲ್ಲಿ 30 ಪೌಂಡ್ ಎಂದು ಕೊಟ್ಟ ಬ್ರೇಡನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದೆ. 30 ಪೌಂಡ್ ಅಂದರೆ ಹದಿಮೂರೂವರೆ ಕಿಲೋ. ಆ ದಾರ ಆರು ಕಿಲೋಗೇ ಟಪ್ ಎಂದಿತು. ಈಗ ಅದು ಹೆಂಡತಿಯ ಮಲ್ಲಿಗೆ ಬಳ್ಳಿಗೆ ಆಸರೆ.

ಅದೇ ತಕ್ಕಡಿಯಲ್ಲಿ ಡ್ರ್ಯಾಗ್ ಕೂಡ ಸೆಟ್ ಮಾಡಬೇಕು. ಡ್ರ್ಯಾಗ್ ಅಂದರೆ ಬೇರೇನಲ್ಲ, ಕ್ಲಚ್ ಪ್ಲೇಟ್. ಸ್ಪೂಲಿನ ಒಳಗೆ ಒಂದರ ಮೇಲೊಂದು ವಾಷರ್ ಇರುತ್ತವೆ. ನಾಬ್ ತಿರುಗಿಸಿದಷ್ಟು ಒತ್ತಿಕೊಳ್ಳುತ್ತವೆ. ಮೀನು ಅದಕ್ಕಿಂತ ಜೋರಾಗಿ ಎಳೆದರೆ ಜಾರಿ ದಾರ ಬಿಡುತ್ತವೆ. ದಾರದ ಶಕ್ತಿಯ ಮೂರನೇ ಒಂದು ಪಾಲಿಗೆ ಜಾರುವ ಹಾಗೆ ಇಡಿ. 20 ಪೌಂಡ್ ದಾರಕ್ಕೆ ಮೂರು ಕಿಲೋ. ದಾರದ ತುದಿ ತಕ್ಕಡಿಗೆ ಕಟ್ಟಿ, ರಾಡ್ ಬಗ್ಗಿಸಿ ಎಳೆಯಿರಿ. ಮುಳ್ಳು ಮೂರಕ್ಕೆ ಬಂದಾಗ ಕರ್ ಎಂದು ದಾರ ಬಿಟ್ಟರೆ ಸರಿ. ಮೀನು ಸಿಕ್ಕಿದ ಮೇಲೆ ಗಾಬರಿಯಲ್ಲಿ ನಾಬ್ ತಿರುಗಿಸುವವರೇ ಜಾಸ್ತಿ. ಘಾಟಿ ಇಳಿಯುವಾಗ ಯಾರಾದರೂ ಕ್ಲಚ್ ಕೇಬಲ್ ಬಿಗಿ ಮಾಡುತ್ತಾರಾ?

ಲೂರ್ ಮೂರೇ ಸಾಕು. ರಬ್ಬರ್ ಮೀನು, ನಾಲ್ಕು ಇಂಚಿನದು, ತಲೆಗೆ ಸೀಸ ಕೂರಿಸಿದ ಕೊಕ್ಕೆ, ಅಂದರೆ 10 ಗ್ರಾಂ ಜಿಗ್‌ಹೆಡ್ ಜೊತೆ. ತೆಳು ದೇಹದ ಪ್ಲಾಸ್ಟಿಕ್ ಮಿನ್ನೋ, 9ರಿಂದ 12 ಸೆಂಟಿಮೀಟರ್. ಬೆಳಗಿನ ಜಾವಕ್ಕೆ ನೀರಿನ ಮೇಲೆ ತೇಲುವ ಪಾಪರ್ ಒಂದು. ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನಾನು ಹಗಲಿಗೆ ಬಿಳಿ, ರಾತ್ರಿಗೆ ಕಪ್ಪು ಕಟ್ಟುತ್ತೇನೆ, ಅಷ್ಟೇ. ಎಳೆಯುವುದು ನಿಧಾನ. ಇನ್ನೂ ನಿಧಾನ. ಎರಡು ಸುತ್ತು, ಒಂದು ಸಣ್ಣ ಜಗ್ಗು, ನಿಲ್ಲಿಸಿ. ನಿಲ್ಲಿಸಿದಾಗಲೇ ಹೆಚ್ಚಿನ ಸಲ ಕಚ್ಚುವುದು.

ನಿಜ ಹೇಳಬೇಕೆಂದರೆ ಜೀವಂತ ಸಿಗಡಿಯನ್ನು ಮೀರಿಸುವ ಲೂರ್ ನಾನಂತೂ ನೋಡಿಲ್ಲ. ನನ್ನ ದೊಡ್ಡಪ್ಪ ರಾಡೂ ಇಲ್ಲದೆ, ಬರೀ ಕೈಗಾಳದಲ್ಲಿ ನನಗಿಂತ ಜಾಸ್ತಿ ಹಿಡಿಯುತ್ತಿದ್ದರು. “ನಿನ್ನದು ಆಟದ ಸಾಮಾನು” ಎಂದು ಕೊನೆಯವರೆಗೂ ನಗುತ್ತಿದ್ದರು.

ಫ್ಲೈ ರಾಡ್

ಇದು ಮಸ್ಕತ್‌ನಲ್ಲಿರುವ ಭಾವ ತಂದದ್ದು. 9 ಅಡಿ, 8 ವೆಯ್ಟ್ (ಎಷ್ಟು ಭಾರದ ದಾರ ಎಸೆಯುತ್ತದೆ ಎಂಬ ನಂಬರ್). ಮೊದಲ ವರ್ಷ ಅದರಲ್ಲಿ ಒಂದು ಮೀನೂ ಸಿಗಲಿಲ್ಲ, ನನ್ನದೇ ಟೋಪಿ ನಾಲ್ಕು ಸಲ ಸಿಕ್ಕಿತು.

ಸ್ಪಿನ್ನಿಂಗ್‌ನಲ್ಲಿ ಲೂರಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ಉಲ್ಟಾ. ಗಾಳಕ್ಕೆ ಕಟ್ಟಿದ ಗರಿಗೆ (ಇದೇ ಫ್ಲೈ) ಭಾರವೇ ಇಲ್ಲ, ದಪ್ಪ ದಾರದ ಭಾರವೇ ಅದನ್ನು ಒಯ್ಯುತ್ತದೆ. ಆದ್ದರಿಂದ ತೋಳಿನ ಬಲ ಬೇಡ, ಕಾಯುವುದು ಗೊತ್ತಿರಬೇಕು. ಹಿಂದಕ್ಕೆ ಬೀಸಿ ನಿಲ್ಲಿಸಿ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲಿ. ಆಮೇಲೆ ಮುಂದಕ್ಕೆ. ಬಿಚ್ಚಿಕೊಳ್ಳುವ ಮೊದಲೇ ಬೀಸಿದರೆ ಚಾಟಿಯ ಹಾಗೆ ಚಟಾರ್ ಎನ್ನುತ್ತದೆ, ಗರಿ ಹಾರಿಹೋಗುತ್ತದೆ. ಕಲಿಯಲು ಕೊಯ್ದ ಗದ್ದೆಗಿಂತ ಒಳ್ಳೆಯ ಜಾಗ ಇಲ್ಲ. ಗಾಳದ ಬದಲು ಕೆಂಪು ಉಲ್ಲನ್ ತುಂಡು ಕಟ್ಟಿ ದಿನಾ ಹದಿನೈದು ನಿಮಿಷ ಬೀಸಿ. ಕ್ರಿಕೆಟ್ ಆಡುವ ಮಕ್ಕಳು ನಗುತ್ತಾರೆ, ನಗಲಿ.

ಬೇಸಿಗೆಯಲ್ಲಿ ಹನ್ನೊಂದು ಗಂಟೆ ದಾಟಿದ ಮೇಲೆ ಸಮುದ್ರದ ಗಾಳಿ ಶುರು. ಆಗ ಫ್ಲೈ ರಾಡ್ ಮಡಚಿ ಇಡುವುದೇ ಮರ್ಯಾದೆ. ಅದು ಗೆಲ್ಲುವುದು ಗಾಳಿ ಸತ್ತ ರಾತ್ರಿಯಲ್ಲಿ, ದೀಪದ ಕೆಳಗೆ. ಸೇತುವೆಯದೋ ಧಕ್ಕೆಯದೋ ಬೆಳಕಿಗೆ ಸಣ್ಣ ಸಿಗಡಿ, ಮರಿಮೀನು ಸೇರುತ್ತವೆ. ಎಲ್ಲ ಎರಡು ಮೂರು ಇಂಚಿನವು. ಅಷ್ಟು ಸಣ್ಣದನ್ನು ಸದ್ದಿಲ್ಲದೆ ನೀರಿಗೆ ಇಳಿಸಲು ಸ್ಪಿನ್ನಿಂಗ್‌ನಲ್ಲಿ ಕಷ್ಟ.

ಫ್ಲೈಗಳನ್ನು ನಾನೇ ಕಟ್ಟುತ್ತೇನೆ. ಹುಂಜದ ಕುತ್ತಿಗೆಯ ಗರಿ, ಆಡಿನ ಬಿಳಿ ಕೂದಲು, ಸ್ವಲ್ಪ ಜರಿ. ಕೊಕ್ಕೆಯ ಕೊರಳಿಗೆ ಸಣ್ಣ ಚೈನು ಮಣಿ ಎರಡು ಕಣ್ಣಿನ ಹಾಗೆ ಕಟ್ಟಿದರೆ ತಲೆ ತಗ್ಗಿಸಿ ಮುಳುಗುತ್ತದೆ. ಕೊನೆಗೆ ದಾರದ ಮೇಲೆ ಒಂದು ಹನಿ ಸೂಪರ್ ಗ್ಲೂ.

ಹೋದ ವರ್ಷ ಮಾರ್ಚ್‌ನಲ್ಲಿ, ಹುಣ್ಣಿಮೆ ಕಳೆದು ಮೂರನೇ ರಾತ್ರಿ, ಒಂದು ತೋಡಿನ ಮೇಲಿನ ಸಣ್ಣ ಸೇತುವೆಯ ಪಕ್ಕ ದಡದಲ್ಲಿ ನಿಂತಿದ್ದೆ. ಮೇಲೆ ಒಂದೇ ಟ್ಯೂಬ್‌ಲೈಟ್. ನೀರು ಇಳಿಯಲು ಶುರುವಾಗಿ ಅರ್ಧ ಗಂಟೆ. ದೂರದಲ್ಲಿ ಎಲ್ಲೋ ಯಕ್ಷಗಾನ ಆಟದ ಚೆಂಡೆ ಕೇಳುತ್ತಿತ್ತು. ಬೆಳಕಿನಲ್ಲಿ ಮರಿಮೀನು ಸುತ್ತುತ್ತಿದ್ದವು, ದೊಡ್ಡದು ಒಂದೂ ಕಾಣುವುದಿಲ್ಲ. ಇಲ್ಲೇ ಹೊಸಬರು ತಪ್ಪು ಮಾಡುವುದು. ಅವರು ಬೆಳಕಿನ ನಡುವಿಗೆ ಎಸೆಯುತ್ತಾರೆ. ಸೀಬಾಸ್ ಇರುವುದು ಸೇತುವೆಯ ನೆರಳಿನೊಳಗೆ, ಬೆಳಕು ಮುಗಿಯುವ ಗೆರೆಯ ಆಚೆ, ಒಂದು ಗೇಣು ಕತ್ತಲಲ್ಲಿ. ನಾನು ಮೇಲಿನ ಬದಿಗೆ ಎಸೆದೆ. ಗರಿ ನೀರಿನ ಜೊತೆ ಬೆಳಕಿನಲ್ಲಿ ತೇಲುತ್ತಾ ಬಂತು. ಎಳೆಯಲಿಲ್ಲ, ಸುಮ್ನೆ ದಾರ ಬಿಗಿಯಾಗಿ ಇಟ್ಟುಕೊಂಡೆ. ಗೆರೆ ದಾಟಿತು. ತೆಂಗಿನಕಾಯಿ ನೀರಿಗೆ ಬಿದ್ದ ಹಾಗೆ ‘ಡಬ್’ ಎಂದು ಸದ್ದು.

ಆ ಸದ್ದು ಬಾಯಿಯದು. ಸೀಬಾಸ್ ಕಚ್ಚುವುದಿಲ್ಲ, ಬಾಯಿಯನ್ನು ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆಳೆಯುತ್ತದೆ. ಆಗ ರಾಡ್ ಮೇಲೆತ್ತಿದರೆ ಗರಿ ಬಾಯಿಯಿಂದ ಹೊರಗೆ ಬರುತ್ತದೆ. ರಾಡಿನ ತುದಿ ನೀರಿನ ಕಡೆಗೇ ಇರಲಿ, ಎಡಗೈಯಲ್ಲಿ ದಾರವನ್ನು ಒಮ್ಮೆ ಉದ್ದಕ್ಕೆ ಜಗ್ಗಿ. ಕೊಕ್ಕೆ ಕೂತ ಮೇಲೆ ರಾಡ್ ಎತ್ತಿ. ಮೀನು ಹಾರಿದಾಗ ತುದಿಯನ್ನು ಅದರ ಕಡೆಗೆ ತಗ್ಗಿಸಿ, ದಾರ ಸಡಿಲವಾದರೆ ತುಂಡಾಗುವುದಿಲ್ಲ. ಅವತ್ತು ಅದು ಮೂರು ಸಲ ಹಾರಿತು. ಎರಡೂವರೆ ಕಿಲೋ. ಮೊದಲ ಫ್ಲೈ ಮೀನು. ಭಾವನಿಗೆ ರಾತ್ರಿಯೇ ಫೋಟೋ ಕಳಿಸಿದೆ. “ರಾಡಿನ ದುಡ್ಡು ಈಗ ಕೊಡು” ಎಂದು ಉತ್ತರ ಬಂತು.

ಹಿಡಿದ ಮೇಲೆ

ಕಿವಿರಿನೊಳಗೆ ಬೆರಳು ಹಾಕಬೇಡಿ, ಕೊಯ್ಯುತ್ತದೆ. ಕೆಳತುಟಿಯನ್ನು ಲಿಪ್ ಗ್ರಿಪ್ಪರ್‌ನಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಡಿ.

ಸೀಬಾಸ್‌ನಲ್ಲಿ ಒಂದು ವಿಚಿತ್ರ ಇದೆ. ಮೊದಲು ಗಂಡಾಗಿ ಬೆಳೆಯುತ್ತದೆ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ತುಂಬಾ ದೊಡ್ಡ ಮೀನು ಅಂದರೆ ಹೆಚ್ಚಾಗಿ ಮೊಟ್ಟೆ ಇಡುವ ತಾಯಿ. ಮಳೆಗಾಲಕ್ಕೆ ಅಳಿವೆ ಕಡೆ ಹೋಗಿ ಮೊಟ್ಟೆ ಇಡುವುದು ಅದೇ. ನಾನು ನಾಲ್ಕು ಕಿಲೋ ಮೇಲಿನದನ್ನು ಬಿಡುತ್ತೇನೆ, ಅಂಗೈ ಉದ್ದದ್ದನ್ನೂ ಬಿಡುತ್ತೇನೆ. ನಡುವಿನದು ಪುಳಿಮುಂಚಿ ಸಾರಿಗೆ. ಬಿಡುವುದಾದರೆ ಬೇಗ ಬಿಡಿ. ಬಿಸಿ ನೀರಿನಲ್ಲಿ ಉಸಿರಾಡುವ ಗಾಳಿ ಕಮ್ಮಿ, ಹೆಚ್ಚು ಹೊತ್ತು ಆಡಿಸಿದ ಮೀನು ಈಜಿಹೋದರೂ ಉಳಿಯುವುದಿಲ್ಲ. ತಲೆಯನ್ನು ನೀರಿನ ಓಟಕ್ಕೆ ಎದುರಾಗಿ ಹಿಡಿದು, ಅದಾಗಿಯೇ ಬಾಲ ಬಡಿಯುವವರೆಗೆ ಕಾಯಿರಿ.

ಹೊಳೆ ನಮ್ಮೊಬ್ಬರದ್ದಲ್ಲ. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಸೊಂಟದವರೆಗೆ ನೀರಿನಲ್ಲಿ ನಿಂತಿರುತ್ತಾರೆ, ಅವರ ಹತ್ತಿರ ಬೀಸಬೇಡಿ. ಮೀನು ಸಾಕುವ ಪಂಜರದಿಂದ ದೂರ ಇರಿ. ಬಲೆಗೆ ಲೂರ್ ಸಿಕ್ಕಿದರೆ ಬಲೆ ಹರಿಯಬೇಡಿ, ದಾರ ಕತ್ತರಿಸಿ. ಮಂಡಿ ದಾಟಿದ ನೀರಿಗೆ ಗೊತ್ತಿಲ್ಲದ ಜಾಗದಲ್ಲಿ ಇಳಿಯಲೇಬೇಡಿ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ, ಒಂದು ಹೆಜ್ಜೆಯಲ್ಲಿ ತಲೆ ಮುಳುಗುವಷ್ಟು ಆಳ ಇರುತ್ತದೆ. ಕೆಸರಿನಲ್ಲಿ ಕಾಲು ಹೂತರೆ ಎಳೆಯಬೇಡಿ, ಹಿಂದಕ್ಕೆ ಒರಗಿ ಕೂತು ಒಂದೊಂದೇ ಕಾಲು ಬಿಡಿಸಿಕೊಳ್ಳಿ. ಚಪ್ಪಲಿ ಹೋದರೆ ಹೋಗಲಿ.

ತುಳುನಾಡಿನ ಪತ್ತನಾಜೆ ಹೊತ್ತಿಗೆ, ಮೇ 24ರ ಆಸುಪಾಸು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನಾನು ರೀಲ್ ಬಿಚ್ಚುತ್ತೇನೆ. ಪ್ರತಿ ಸಲ ಮನೆಗೆ ಬಂದ ತಕ್ಷಣ ಬಾವಿ ನೀರಿನಲ್ಲಿ ತೊಳೆಯಬೇಕು. ಕೊಡಪಾನದಿಂದ ಮೆಲ್ಲಗೆ ಸುರಿಯಿರಿ, ಪೈಪಿನಲ್ಲಿ ಜೋರಾಗಿ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ವರ್ಷದ ಕೊನೆಗೆ ಬೇರಿಂಗಿಗೆ ಎಣ್ಣೆ, ಗೇರಿಗೆ ಗ್ರೀಸ್. ಮಳೆಗಾಲಕ್ಕೆ ಇಡುವಾಗ ಡ್ರ್ಯಾಗ್ ನಾಬ್ ಪೂರ್ತಿ ಸಡಿಲ ಮಾಡಿ. ಬಿಗಿಯಾಗಿ ಇಟ್ಟರೆ ನಾಲ್ಕು ತಿಂಗಳ ಥಂಡಿಗೆ ವಾಷರ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೆಪ್ಟೆಂಬರಿನಲ್ಲಿ ನನ್ನ ಅಂಗಡಿಗೆ ಬರುವ ರೀಲುಗಳಲ್ಲಿ ಅರ್ಧಕ್ಕೆ ಅದೇ ಕಾಯಿಲೆ.